ಬೇಡವೆಂದವರ ಮನೆಗೂ ನೀರು

ಆ ದಿನ ಮುನಿರಾಜು ಮನೆಗೆ ಬಂದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಬೀದಿಯ ನೀರಿನ ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಯನ್ನು ಗೋಡೆಗೆ ಒರಗಿಸಿದ. ಕಾಲು ತೊಳೆದ. ಒಬ್ಬನೇ ನಗುತ್ತಿದ್ದ.

"ಏನ್ರೀ, ಲಾಟರಿ ಹೊಡೀತಾ?" ಎಂದಳು ಹೆಂಡತಿ ರಾಮಕ್ಕ.

"ಇವತ್ತು ಎರಡು ಮನೆ ಬಿಟ್ಟು ಹೋದ್ವು ಕಣೇ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ನನ್ನ ಫೋನ್ ಬೇಡ ಅಂದ್ರು. ನೆಲದೊಳಗೆ ಸಂಪು ಕಟ್ಟಿಸ್ಕೊಂಡವ್ರೆ. ಇನ್ಮೇಲೆ ನೀರು ತಾನಾಗೇ ತುಂಬ್ಕೊಳುತ್ತೆ. ಮಲಕ್ಕೊಳ್ಳಲಿ ಬಿಡು, ಪಾಪ."

"ಜನ ಬಿಟ್ಟು ಹೋದ್ರೆ ಯಾರಾದ್ರೂ ಹಲ್ಲು ಕಿರೀತಾರಾ? ಅಂಗಡಿ ಇಟ್ಟಿದ್ರೆ ನೀವು ಎರಡೇ ದಿನಕ್ಕೆ ಬಾಗಿಲು ಹಾಕ್ಕೊಂಡು ಬರ್ತಿದ್ರಿ."

"ಇದು ಅಂಗಡಿ ಅಲ್ವಲ್ಲ" ಎಂದು ಅವನು ತಟ್ಟೆ ಎಳೆದುಕೊಂಡ.

ರಾತ್ರಿಯ ಮುದ್ದೆ ಉಳಿದಿತ್ತು. ಮಜ್ಜಿಗೆಯಲ್ಲಿ ಕಿವುಚಿಕೊಂಡು, ಈರುಳ್ಳಿ ಕಚ್ಚಿಕೊಂಡು ತಿಂದ. ಮಧ್ಯಾಹ್ನ ಮಲಗಿದ. ಸಂಜೆ ಯಾರದೋ ಮನೆಯ ಪೈಪು ಕಟ್ಟಿಕೊಂಡಿದೆ ಎಂದು ಕರೆದರು, ಹೋಗಿ ಬಂದ. ಉಪ್ಪು ಕಮ್ಮಿ ಎಂದು ಸಾರಿಗೆ ಮೂಗು ಮುರಿದ. ರಾಮಕ್ಕ ಉಪ್ಪಿನ ಡಬ್ಬವನ್ನೇ ಅವನ ಮುಂದೆ ಕುಕ್ಕಿದಳು. ಅಂಥ ದಿನ ಅದು. ನೆನಪಿಟ್ಟುಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ನಡೆದಿದ್ದರೆ ಅವಳು ಇನ್ನೊಂದು ಮಾತು ಜಾಸ್ತಿ ಆಡುತ್ತಿದ್ದಳೋ ಏನೋ.

ಮಾರನೆಯ ಬೆಳಗ್ಗೆ ಅವನು ವಾಲ್ ಗುಂಡಿಯ ಪಕ್ಕ ಬಿದ್ದ. ಎದೆಬಡಿತ ನಿಂತುಹೋಗಿತ್ತು. ಹಾಲಿನವನು ನೋಡಿ ಕೂಗಿಕೊಂಡ. ಮುನಿರಾಜು ವಾಲ್ ಪೂರ್ತಿ ತೆಗೆದಿದ್ದ. ಫೋನು ಕೈಯಲ್ಲೇ ಇತ್ತು. ಬೀದಿಯ ಅರ್ಧ ಮನೆಗಳಿಗೆ ಅವನ ಕರೆ ಹೋಗಿತ್ತು. ಇನ್ನರ್ಧ ಮನೆಯವರು ಅಳುವ ಸದ್ದಿಗೆ ಎದ್ದರು.

ಮುನಿರಾಜು ಮಾರೇನಹಳ್ಳಿಯವನೇ. ಬೆಂಗಳೂರಿನ ವಿಜಯನಗರ ಇನ್ನೂ ರಾಗಿ ಹೊಲವಾಗಿದ್ದಾಗ ಅವನ ತಾತ ಅಲ್ಲಿ ನೇಗಿಲು ಹೂಡುತ್ತಿದ್ದ. ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ಮನೆಯಾಯಿತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೇಲೆ ಇವನ ಪಾಲಿಗೆ ತಗ್ಗಿನಲ್ಲಿ ಎರಡು ಕೋಣೆ ಉಳಿಯಿತು. ಓದಿದ್ದು ನಾಲ್ಕನೇ ಕ್ಲಾಸು. ಕಂಟ್ರಾಕ್ಟಿನ ಮೇಲೆ ನೀರು ಬಿಡುವ ಕೆಲಸ ಸಿಕ್ಕಿತು. "ನಮ್ಮ ತಾತ ಇಲ್ಲೇ ಸೊಪ್ಪಿನ ಮಡಿಗೆ ನೀರು ಕಟ್ತಿದ್ದ. ನಾನು ಬೀದಿಗೆ ಕಟ್ತೀನಿ. ಕುಲಕಸುಬು" ಎನ್ನುತ್ತಿದ್ದ. ಜನ ಅವನನ್ನು ನೀರು ಮುನಿರಾಜು ಎಂದೇ ಕರೆದರು.

ಒಂದು ದಿನ ಈ ಬೀದಿಗೆ, ಮಾರನೆಯ ದಿನ ಹಿಂದಿನ ಬೀದಿಗೆ, ಹೀಗೆ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬರುವ ಹೊತ್ತು ಮಾತ್ರ ದೇವರಿಗೂ ಗೊತ್ತಿರಲಿಲ್ಲ. ಮೇಲಿನ ಟ್ಯಾಂಕು ತುಂಬಿದ ಮೇಲೆ ಇವನಿಗೆ ಹೇಳಿ ಕಳಿಸುತ್ತಿದ್ದರು. ಒಂದು ದಿನ ಕೋಳಿ ಕೂಗುವ ಮುಂಚೆ, ಒಂದು ದಿನ ಬೆಳಕು ಹರಿದ ಮೇಲೆ. ಹೆಂಗಸರು ಕೊಡ ಸಾಲಿಟ್ಟುಕೊಂಡು ನಲ್ಲಿಯ ಮುಂದೆ ತೂಕಡಿಸುತ್ತ ಕೂರುತ್ತಿದ್ದರು.

ಪಕ್ಕದ ಮನೆಯ ಅಕ್ಕಯ್ಯಮ್ಮನದು ಎಲ್ಲರಿಗಿಂತ ಕಷ್ಟ. ಮಗ ಸೊಸೆ ಇಬ್ಬರೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ನೀರು ಹಿಡಿಯುವುದು ಮುದುಕಿಯ ಪಾಲಿಗೆ ಬಂದಿತ್ತು. ಒಂದು ಚಳಿಗಾಲದ ಬೆಳಗ್ಗೆ ಅವಳು ನಲ್ಲಿಗೆ ತಲೆ ಆನಿಸಿಕೊಂಡು ನಿದ್ದೆ ಹೋಗಿದ್ದಳು. ಆಗ ಮುನಿರಾಜು ಸೆಕೆಂಡ್ ಹ್ಯಾಂಡ್ ಮೊಬೈಲು ಕೊಂಡ ಹೊಸತು.

"ದೊಡ್ಡವ್ವಾ, ನೀವು ಒಳಗೆ ಹೋಗಿ ಮಲಕ್ಕೊಳ್ಳಿ. ನೀರು ಬಿಟ್ಟ ತಕ್ಷಣ ನಿಮ್ಮ ಮಗನ ಫೋನಿಗೆ ಎರಡು ರಿಂಗ್ ಕೊಟ್ಟು ಕಟ್ ಮಾಡ್ತೀನಿ. ಎತ್ತಬೇಡಿ. ಎದ್ದು ಕೊಡ ಇಡಿ, ಸಾಕು."

"ಫೋನಲ್ಲಿ ನೀರು ಬತ್ತದಾ?" ಎಂದಳು ಅಕ್ಕಯ್ಯಮ್ಮ.

"ನೀರು ನಲ್ಲೀಲಿ ಬರುತ್ತೆ. ಫೋನಲ್ಲಿ ನಾನು ಬರ್ತೀನಿ."

ಒಂದು ಮನೆಯಿಂದ ನಾಲ್ಕು ಮನೆಯಾಯಿತು. ನಾಲ್ಕು ಹೋಗಿ ಬೀದಿಯಾಯಿತು. ನಮಗೂ ಕೊಡಿ ಅಣ್ಣ, ನಮಗೂ ಕೊಡಿ ಅಣ್ಣ. ಮುನಿರಾಜುಗೆ ಇಂಗ್ಲಿಷ್ ಅಕ್ಷರ ಬಾರದು. ಅಂಕಿ ಬರುತ್ತಿತ್ತು. ಹೆಸರಿನ ಜಾಗದಲ್ಲಿ ಮನೆಯ ಡೋರ್ ನಂಬರು ಹಾಕಿಟ್ಟುಕೊಂಡ. ವಾಲ್ ತಿರುಗಿಸುವುದು, ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ರಿಂಗ್ ಕೊಡುವುದು. ಕಾಸು ಖರ್ಚಿಲ್ಲ. ಬೀದಿಯಲ್ಲಿ ಒಂದೊಂದೇ ಲೈಟು ಹತ್ತಿಕೊಳ್ಳುತ್ತ ಹೋಗುವುದನ್ನು ನೋಡುವುದೆಂದರೆ ಅವನಿಗೆ ಹಬ್ಬ. "ಕೂತ ಕಡೆಯಿಂದ ದೀಪಾವಳಿ ಮಾಡ್ತೀನಿ ಕಣೇ" ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚುತ್ತಿದ್ದ.

ಆ ಜಂಬ ಇಳಿದದ್ದು ಕುಸುಮಾಳ ಅಕ್ಕಿ ಡಬ್ಬದಿಂದ.

ಕುಸುಮಾ ಮೂಲೆಯ ಮನೆಯ ಸೊಸೆ. ಗಂಡ ಮಧುಕುಮಾರ್ ಪೀಣ್ಯದ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಸರಿಹೊತ್ತಿಗೆ ಮನೆ ಸೇರುವವನು. ಕೈಗೂಸು ಬೇರೆ. ಆ ಮನೆಗೆ ಸಂಪೂ ಇತ್ತು, ಮೇಲೆ ಟ್ಯಾಂಕೂ ಇತ್ತು. ಒಂದು ದಿನ ಹಗಲು ಹೊತ್ತು ಮುನಿರಾಜು ಅವರ ಮೀಟರು ನೋಡಲು ಹೋದ. ಬಾಗಿಲು ತೆಗೆದವರಿಲ್ಲ. ಫೋನು ಮಾಡಿದ. ಅಡುಗೆಮನೆಯ ಕಡೆಯಿಂದ, ಬಾಯಿ ಮುಚ್ಚಿಕೊಂಡು ಯಾರೋ ಹಾಡಿದ ಹಾಗೆ ಸದ್ದು ಬಂತು. ಹಿತ್ತಲಿನಿಂದ ಕುಸುಮಾ ಓಡಿ ಬಂದು, ಡಬ್ಬದ ಮುಚ್ಚಳ ತೆಗೆದು, ಮೊಣಕೈವರೆಗೂ ಅಕ್ಕಿಯೊಳಗೆ ಕೈ ಹಾಕಿ ಫೋನು ಎಳೆದಳು.

"ಏನಮ್ಮಾ, ನಿಮ್ಮನೆ ಅಕ್ಕಿ ರಿಂಗ್ ಆಗುತ್ತೆ?" ಕಿಟಕಿಯಲ್ಲಿ ನಿಂತು ಕೇಳಿದ ಮುನಿರಾಜು.

ಕುಸುಮಾಳ ಮುಖ ಇಳಿಯಿತು. "ಅಣ್ಣ, ತಪ್ಪು ತಿಳ್ಕೋಬೇಡಿ. ಬೆಳಗ್ಗೆ ನಿಮ್ಮ ರಿಂಗಿಗೆ ಮಗು ಎದ್ದುಬಿಡುತ್ತೆ. ಅದಕ್ಕೇ ರಾತ್ರಿ ಇದ್ರೊಳಗೆ ಹೂತಿಟ್ಟು ಮಲಗ್ತೀವಿ. ಇವತ್ತು ತೆಗೆಯೋಕೆ ಮರ್ತೆ."

"ಬೇಡ ಅಂತ ಹೇಳೋದಲ್ವಾ?"

"ಹೆಂಗೆ ಹೇಳೋದು? ನೀರು ಬಿಡೋರು ನೀವು. ಬೇಜಾರು ಮಾಡ್ಕೊಂಡು ವಾಲ್ ಅರ್ಧಕ್ಕೆ ನಿಲ್ಲಿಸ್ಬಿಟ್ರೆ? ಫೋನ್ ಬೇಡ ಅಂದೋರ ಮನೇಗೆ ನೀರು ಬರಲ್ಲ ಅಂತ ಎಲ್ರೂ ಮಾತಾಡ್ಕೋತಾರೆ."

ಅವನು ಮೀಟರು ನೋಡದೆ ಮನೆಗೆ ಬಂದ. ಊಟಕ್ಕೆ ಕೂತವನು ತಟ್ಟೆಯಲ್ಲಿ ಬೆರಳಾಡಿಸಿದನೇ ಹೊರತು ತಿನ್ನಲಿಲ್ಲ.

"ನಾನು ಅಷ್ಟು ಕೆಟ್ಟೋನ ಥರ ಕಾಣ್ತೀನೇನೇ?"

"ಮೀಸೆ ಸ್ವಲ್ಪ ಹಂಗಿದೆ" ಎಂದಳು ರಾಮಕ್ಕ.

ಅವನು ನಗಲಿಲ್ಲ. "ಉಪಕಾರ ಅಂತ ಮಾಡಿದ್ದು ಉರುಳಾಗೋಯ್ತು. ಮಗು ಮಲಗಿರೋ ಮನೇಗೆ ದಿನಾ ಹೋಗಿ ಬಾಗಿಲು ಬಡಿದಂಗಲ್ವಾ ಇದು? ಅವ್ರು ಹೆದರ್ಕೊಂಡು ಸುಮ್ನಿದ್ರೆ, ನಾನು ದೀಪಾವಳಿ ಅಂತ ಕುಣೀತಿದ್ದೆ."

"ಕರೆದೋರು ಅವ್ರೇ ಅಲ್ವಾ?"

"ಕರೆದ್ರು. ಕಳಿಸೋಕೆ ದಾರಿ ಬೇಡ್ವಾ? ನೆಂಟರಾದ್ರೂ ಹೊರಡು ಅನ್ನೋ ಮುಂಚೆ ಹೊರಡಬೇಕು."

ಮಾರನೆಯ ದಿನ ಮನೆ ಮನೆಗೆ ಹೋದ. "ಫೋನ್ ಬೇರೆ, ನೀರು ಬೇರೆ. ಬೇಡ ಅಂದ್ರೆ ಬೇಡ ಅನ್ನಿ. ನೀರು ಬರೋದು ಬಂದೇ ಬರುತ್ತೆ." ಎಲ್ಲರೂ ತಲೆ ಅಲ್ಲಾಡಿಸಿದರು. ಒಬ್ಬರೂ ಬೇಡ ಎನ್ನಲಿಲ್ಲ.

"ನಮ್ಮನೆ ನಂಬರೇ ಈ ಫೋನಲ್ಲಿಲ್ಲ. ನಮ್ಮ ನಲ್ಲೀಲಿ ನೀರು ಬರಲ್ವಾ?" ಎಂದು ಕೇಳಿದ.

"ನಿಮ್ಮನೇಗೆ ಫೋನ್ ಯಾಕಣ್ಣ, ರಾಮಕ್ಕನ ಬಾಯಿದೆಯಲ್ಲ" ಎಂದಳು ಒಬ್ಬಳು. ಬೀದಿಯೆಲ್ಲ ನಕ್ಕಿತು. ರಾಮಕ್ಕನಿಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಕೊನೆಗೆ ಕುಸುಮಾಳ ನಂಬರನ್ನು ಎಲ್ಲರ ಎದುರಿಗೇ ತೆಗೆದ. ನೀರು ಬಿಡುವ ದಿನ ನಾಲ್ಕೈದು ಹೆಂಗಸರು, ಕೊಡ ಹಿಡಿಯುವುದು ಬಿಟ್ಟು, ಮೂಲೆ ಮನೆಯ ಸಂಪಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ನೀರು ಎಂದಿನ ಹಾಗೇ ಬಂತು. ಸಂಪು ತುಂಬಿ ಬೀದಿಗೆ ಚೆಲ್ಲಿತು. ಒಳಗೆ ಕುಸುಮಾಳ ಮಗು ಗಾಢವಾಗಿ ಮಲಗಿತ್ತು. ಆಮೇಲೆ ಒಬ್ಬೊಬ್ಬರಿಗೇ ಧೈರ್ಯ ಬಂತು. ಬೀದಿಯಲ್ಲಿ ಸಿಕ್ಕಾಗ, ಅಣ್ಣ ನಮ್ಮದು ತೆಗೆದುಬಿಡಿ ಎಂದು ಹೇಳುವುದು ಶುರುವಾಯಿತು.

ಅದರಲ್ಲೂ ಒಂದು ಎಡವಟ್ಟಾಯಿತು. ಈ ಊರಿನಲ್ಲಿ ಒಂದೊಂದು ಮನೆಗೆ ಎರಡೆರಡು ನಂಬರು. ಕಾರ್ಪೊರೇಷನ್ನಿನವರು ಯಾವಾಗಲೋ ಹೊಸದು ಬರೆದು ಹೋಗಿದ್ದರು, ಹಳೆಯದನ್ನು ಯಾರೂ ಅಳಿಸಿರಲಿಲ್ಲ. ಹೊಸ ಹದಿನೆಂಟರ ಬಾಡಿಗೆಯವರು ಬೇಡ ಎಂದರು. ಮುನಿರಾಜು ಹಳೇ ಹದಿನೆಂಟನ್ನು ತೆಗೆದುಬಿಟ್ಟ. ಹಳೇ ಹದಿನೆಂಟರಲ್ಲಿ ಅಂದು ಮಗಳ ಸೀಮಂತ. ರಿಂಗ್ ಬರಲಿಲ್ಲವೆಂದು ಮನೆಯವರು ಮಲಗಿಯೇ ಇದ್ದರು. ಎದ್ದಾಗ ನಲ್ಲಿಯಲ್ಲಿ ಬರೀ ಗಾಳಿ. ಬಸ್ಸಿಳಿದು ಬಂದ ಬೀಗರಿಗೆ ಕಾಲು ತೊಳೆಯಲು ನೀರಿಲ್ಲ. ಮನೆಯಾಕೆ ಖಾಲಿ ಕೊಡ ತಂದು ರಾಮಕ್ಕನ ಹೊಸ್ತಿಲ ಮುಂದೆ ಕುಕ್ಕಿದಳು.

"ನೋಡಿ, ನಿಮ್ಮ ಯಜಮಾನ್ರು ಮಾಡಿರೋ ಕೆಲಸ! ಬೀಗರ ಮುಂದೆ ಮೂರು ಕಾಸಿಗೆ ಹರಾಜಾದ್ವಿ."

ಆ ದಿನ ಗಂಡ ಹೆಂಡತಿ ಇಬ್ಬರೂ ತಮ್ಮ ಮನೆಯ ಡ್ರಮ್ಮಿನ ನೀರನ್ನು ಹೊತ್ತು ಸಾಗಿಸಿದರು. ಸೀಮಂತದ ಊಟ ಅಲ್ಲೇ ಆಯಿತು. ಉಂಡು ಬರುವಾಗ ದಾರಿಯಲ್ಲಿ ಅವನು ಥಟ್ಟನೆ ನಿಂತ.

"ಬೇಡ ಅನ್ನೋರು ಬಾಯಲ್ಲಿ ಯಾಕೆ ಹೇಳ್ಬೇಕು? ಅವ್ರ ಫೋನಿಂದ್ಲೇ ನಂಗೊಂದು ಮಿಸ್ಡ್ ಕಾಲ್ ಕೊಡ್ಲಿ. ಯಾರು ಅಂತ ಫೋನೇ ಹೇಳುತ್ತೆ."

ಅಂದಿನಿಂದ ಅದೇ ಕಟ್ಟಳೆಯಾಯಿತು. ಹಗಲು ಹೊತ್ತು ಒಂದು ಮಿಸ್ಡ್ ಕಾಲ್ ಬಂದರೆ ಆ ಮನೆಗೆ ಬೇಡ ಎಂದು ಅರ್ಥ. ಪೈಪು ಒಡೆದಿದ್ದರೆ ಎತ್ತುವವರೆಗೂ ಬಡಿಯುತ್ತಿದ್ದರು, ಅದು ಬೇರೆ. ಯಾಕೆ ಎಂದು ಅವನು ಕೇಳುತ್ತಿರಲಿಲ್ಲ. ಮುಖ ಸಣ್ಣ ಮಾಡುತ್ತಿರಲಿಲ್ಲ. ಮತ್ತೆ ಬೇಕೆಂದರೆ ಬೀದಿಯಲ್ಲಿ ಹೇಳಿದರೆ ಸಾಕು, ಸೇರಿಸಿಕೊಳ್ಳುತ್ತಿದ್ದ. ಹೋಗುವುದು ಬರುವುದಕ್ಕಿಂತ ಸುಲಭವಾಗಿರಬೇಕು ಎಂದು ಅವನ ಹಟ. ಊಟದ ಮಧ್ಯೆ ಕಾಲ್ ಬಂದರೂ ಎಡಗೈಯಲ್ಲಿ ಫೋನು ತೆಗೆದು ಆ ನಂಬರು ಅಳಿಸಿಯೇ ಮುಂದಿನ ತುತ್ತು.

"ಉಂಡು ಮಾಡಬಾರದಾ? ಮುದ್ದೆ ಆರುತ್ತೆ."

"ಅವ್ರು ಯಾಕೆ ಅಲ್ಲೀವರ್ಗೂ ಕಾಯ್ಬೇಕು?"

ಇಂಥ ಮನುಷ್ಯ ಹೋದ.

ತಿಥಿ ಮುಗಿಯಿತು. ಮಗಳು ಶಿಲ್ಪಾ ಕೆಂಗೇರಿಯಿಂದ ಬಂದು ಜೊತೆಗಿದ್ದು, ನನ್ನ ಜೊತೆ ಬಾರಮ್ಮ ಎಂದು ಕರೆದು, ಕರೆದು ಸಾಕಾಗಿ ಹೋದಳು. ರಾಮಕ್ಕ ಹೋಗಲಿಲ್ಲ. ಮಗಳ ಮನೆಯಲ್ಲಿ ಎಷ್ಟು ದಿನ ಅಳುವುದು.

ಆ ದಿನಗಳಲ್ಲಿ ಪಕ್ಕದ ಬಡಾವಣೆಯವನು ಬಂದು ನೀರು ಬಿಟ್ಟು ಹೋಗುತ್ತಿದ್ದ. ಆಮೇಲೆ ಹೊಸದಾಗಿ ನೀರು ಬಿಡಲು ಮರೆಪ್ಪ ಎನ್ನುವವನು ಬಂದ. ರಾಯಚೂರು ಕಡೆಯವನು, ಲಗ್ಗೆರೆಯಲ್ಲಿ ಬಾಡಿಗೆಗಿದ್ದ. ಬಾಗಿಲಲ್ಲಿ ನಿಂತು, "ಯಕ್ಕಾ, ಅದೊಂದು ಕೀ ಕೊಡ್ರಿ" ಎಂದ. ಕೀಯ ಹಿಡಿ ಮುನಿರಾಜುವಿನ ಕೈ ತಾಗಿ ತಾಗಿ ನುಣುಪಾಗಿತ್ತು. ರಾಮಕ್ಕ ಕೊಟ್ಟಳು.

"ಮನೆಗಳಿಗೆ ಫೋನ್ ಮಾಡ್ತೀಯೇನಪ್ಪ?"

"ನೀರ ಬಿಡೂದು ನನ್ ಕೆಲ್ಸ ಐತ್ರಿ. ಮಂದೀನ ಎಬ್ಬಸೂದು ಕೋಳಿ ಕೆಲ್ಸ."

ತಪ್ಪು ಮಾತೇನಲ್ಲ. ಆದರೆ ಅವಳಿಗೆ ಕೆಂಡ ಮೆಟ್ಟಿದ ಹಾಗಾಯಿತು.

ಅವರ ಮನೆ ತಗ್ಗಿನಲ್ಲಿತ್ತು, ವಾಲ್‌ಗೂ ಹತ್ತಿರ. ಬೀದಿಗೆಲ್ಲ ಮೊದಲು ನೀರು ಹರಿಯುವುದು ಅವರ ನಲ್ಲಿಗೆ. ಮರೆಪ್ಪ ವಾಲ್ ತೆಗೆದ ಮೊದಲ ಬೆಳಗ್ಗೆ ನಲ್ಲಿ ಸುಸ್ಸೆಂದಿತು. ರಾಮಕ್ಕ ಎದ್ದು ಕೂತಳು. ಕೊಡ ಇಡುವ ಮುಂಚೆ ಕೈ ಗಂಡನ ಫೋನಿನ ಕಡೆ ಹೋಯಿತು. ಅವನು ಮಾಡುವುದನ್ನು ನೋಡಿ ನೋಡಿ ಅವಳಿಗೂ ಬರುತ್ತಿತ್ತು. ಎರಡು ರಿಂಗು, ಕಟ್. ಮುಂದಿನ ಮನೆ. ಎರಡು ರಿಂಗು, ಕಟ್. ಬಾಗಿಲಿಗೆ ಬಂದು ನೋಡಿದಳು. ಬೀದಿಯಲ್ಲಿ ಲೈಟು ಹತ್ತಿಕೊಳ್ಳುತ್ತಿತ್ತು. ಅವನು ಇನ್ನೂ ಗುಂಡಿಯ ಅಂಚಿನಲ್ಲಿ ಕೂತಿದ್ದಾನೆ ಎನಿಸಿತು. ಅವನು ಹೋದ ಮೇಲೆ ಅಂದೇ ಮೊದಲು ಅವಳು ಬಿಸಿ ಕಾಫಿ ಮಾಡಿಕೊಂಡು ಕುಡಿದಳು.

ಮಧ್ಯಾಹ್ನ ಫೋನು ಒಮ್ಮೆ ಬಡಿದು ನಿಂತಿತು. ಇನ್ನೊಮ್ಮೆ ಬಡಿದು ನಿಂತಿತು. ಬೇರೆ ಬೇರೆ ಮನೆ. ಸಂಜೆಯೊಳಗೆ ಇನ್ನೂ ಬಂದವು.

ಅರ್ಥ ಅವಳಿಗೆ ಗೊತ್ತಿತ್ತು. ಬೇಡ ಎಂದು ಅರ್ಥ.

"ತಿಥಿ ಊಟದ ಕೈ ಇನ್ನೂ ಆರಿಲ್ಲ, ಕಳಚ್ಕೊಳ್ತಾ ಅವ್ರೆ ನಿಮ್ಮ ಜನ" ಎಂದು ಗೋಡೆಯ ಮೇಲಿನ ಫೋಟೋಗೆ ಹೇಳಿದಳು. ಫೋನನ್ನು ದಿಂಬಿನ ಕೆಳಗೆ ತಳ್ಳಿದಳು. ಒಂದನ್ನೂ ಅಳಿಸಲಿಲ್ಲ. ಒಂದೊಂದು ನಂಬರು ತೆಗೆದರೆ ಒಂದೊಂದು ಮನೆಯಿಂದ ಅವನನ್ನು ಹೊರಗೆ ಹಾಕಿದ ಹಾಗೆ. ಎಲ್ಲ ಮನೆಯಿಂದ ಹೊರಬಿದ್ದ ಮೇಲೆ ಅವನು ಎಲ್ಲಿರುತ್ತಾನೆ?

ನೀರು ಬಂದಾಗೆಲ್ಲ ಎಲ್ಲರಿಗೂ ರಿಂಗ್ ಕೊಟ್ಟಳು. ಬೇಡ ಎಂದವರಿಗೂ ಕೊಟ್ಟಳು. ಹಗಲು ಮಿಸ್ಡ್ ಕಾಲ್ ಜಾಸ್ತಿಯಾದವು. ಅವಳ ಹಟವೂ ಜಾಸ್ತಿಯಾಯಿತು. ಅಂಗಡಿಗೆ ಹೋದರೆ ಹೆಂಗಸರು ಸುಮ್ಮನೆ ಎದುರು ಸಾಲಿಗೆ ದಾಟಿಕೊಂಡರು. ನಮಸ್ಕಾರ ಹೇಳುವವರು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದರು. ಯಾರೂ ಬಂದು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಜಗಳ ತೆಗೆಯಬಹುದಿತ್ತು. ಅದೂ ಇಲ್ಲ.

ಒಂದು ಮಧ್ಯಾಹ್ನ ಕುಸುಮಾ ಬಂದಳು. ಸೊಂಟದ ಮೇಲೆ ಮಗು, ಕೈಯಲ್ಲಿ ಬಸ್ಸಾರಿನ ಪಾತ್ರೆ. ಪಾತ್ರೆ ಇಟ್ಟು, ಮಗುವನ್ನು ಕೆಳಗೆ ಬಿಟ್ಟು, ಸೆರಗು ಸರಿಮಾಡಿಕೊಂಡಳು. ಆಮೇಲೆ ಮತ್ತೊಮ್ಮೆ ಸರಿಮಾಡಿಕೊಂಡಳು.

"ರಾಮಕ್ಕ, ಒಂದು ಮಾತು. ಬೈಬೇಡಿ."

"ಬೈಯೋ ಹಂಗಿದ್ರೆ ಬೈತೀನಿ. ಹೇಳು."

"ನನ್ನ ಕಳಿಸಿದ್ರು."

"ಯಾರು?"

"ಎಲ್ರೂ. ನಮ್ಮನೆ ನಂಬರ್ ನಿಮ್ಮ ಫೋನಲ್ಲಿಲ್ವಲ್ಲ, ಅದಕ್ಕೆ ನೀನೇ ಹೋಗು ಅಂದ್ರು. ಅವ್ರಿಗೆ ನಿಮ್ಮ ಎದುರು ಬರೋಕೆ ಭಯ."

"ನಾನೇನು ಕಚ್ತೀನಾ?"

"ಅತ್ತುಬಿಡ್ತೀರಾ ಅಂತ."

ಮಗು ತೆವಳಿಕೊಂಡು ಹೋಗಿ ಬಾಗಿಲ ಹಿಂದಿನ ಪೊರಕೆ ಎಳೆಯುತ್ತಿತ್ತು.

"ಬೆಳಬೆಳಗ್ಗೆ ಫೋನಲ್ಲಿ ಅಣ್ಣನ ಹೆಸರು ಬರುತ್ತೆ. ನಿದ್ದೆಗಣ್ಣಲ್ಲಿ ನೋಡಿದ್ರೆ ಎದೆ ಧಸಕ್ ಅನ್ನುತ್ತಂತೆ. ಒಬ್ಬೊಬ್ರು ಅತ್ಕೊಂಡೇ ಕೊಡ ಹಿಡೀತಾರೆ. ಪಕ್ಕದ ಅಕ್ಕಯ್ಯಮ್ಮಜ್ಜಿ ಏನ್ ಮಾಡವ್ರೆ ಗೊತ್ತಾ? ದೆವ್ವಕ್ಕೆ ಬಾಗಿಲ ಮೇಲೆ ಬರೀತಿದ್ರಲ್ಲ, ಹಂಗೆ ಚೀಟೀಲಿ 'ನಾಳೆ ಬಾ' ಅಂತ ಬರೆಸಿ, ಮಗನ ಫೋನ್ ಬೆನ್ನಿಗೆ ಅಂಟಿಸವ್ರೆ."

ಊರಲ್ಲಿ ದೆವ್ವ ಓಡಾಡುತ್ತದೆಂದು ಗುಲ್ಲೆದ್ದ ಕಾಲಕ್ಕೆ ಮನೆ ಮನೆಯ ಬಾಗಿಲ ಮೇಲೂ ಹಾಗೆ ಬರೆದಿತ್ತು. ದೆವ್ವ ಬಂದು ಬಾಗಿಲು ಬಡಿದು, ಅದನ್ನು ಓದಿ, ನಾಳೆ ಬರೋಣವೆಂದು ಹಿಂದಿರುಗುತ್ತದಂತೆ. ನಾಳೆ ಬಂದರೂ ಅದೇ ಓದುತ್ತದೆ.

"ಇವ್ರಿಗಾ? ನಾಲ್ಕನೇ ಕ್ಲಾಸು. ಒಂದು ಚೀಟಿ ಓದೋಕೆ ಅರ್ಧ ದಿನ ಬೇಕು" ಎಂದಳು ರಾಮಕ್ಕ. ಕುಸುಮಾ ಬಾಯಿಗೆ ಸೆರಗು ಹಿಡಿದಳು. ರಾಮಕ್ಕನೂ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಯಾವಾಗ ಅಳುವಾಯಿತೋ ಅವಳಿಗೂ ತಿಳಿಯಲಿಲ್ಲ. ಮಗು ಪೊರಕೆ ಬಿಟ್ಟು ಅವಳನ್ನೇ ನೋಡಿತು.

ಕುಸುಮಾ ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತಳು. ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳಿದಳು.

"ಎಲ್ರಿಗಿಂತ ಮೊದಲು ಬಿಟ್ಟೋಳು ನಾನು. ಆಮೇಲೆ ಅಣ್ಣ ನಮ್ಮನೇಗೆ ಬರೋದು ಬಿಟ್ರಾ? ಕಾಫಿ ಕುಡಿಯೋದು ಬಿಟ್ರಾ? ಇದಕ್ಕೆ ಹಲ್ಲು ಬಂತು ಅಂತ ಮೊದಲು ನೋಡಿದ್ದೇ ಅವ್ರು. ನಾನು ಹೆತ್ತೋಳು, ನಂಗೆ ಕಂಡಿರ್ಲಿಲ್ಲ. ಬೇಡ ಅಂದೆ ಅಂತ ಒಂದಿನ ಮುಖ ತಿರುಗಿಸಿದ್ರೆ, ಈ ಬೀದೀಲಿ ಇನ್ಯಾರಿಗೂ ಬೇಡ ಅನ್ನೋ ಧೈರ್ಯ ಬರ್ತಿರ್ಲಿಲ್ಲ."

"ಗೊತ್ತು ಕಣೆ. ಅವ್ರು ಹಂಗೇ. ನಾನು ಅವ್ರಲ್ವಲ್ಲ."

"ಅಲ್ಲ ಬಿಡಿ."

"ಇದೂ ತೆಗೆದ್ರೆ ನಂಗೆ ಇನ್ನೇನು ಉಳಿಯುತ್ತೆ?"

ಕುಸುಮಾ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. "ನಂಗೊತ್ತಿಲ್ಲ ರಾಮಕ್ಕ" ಎಂದಳು. "ಬಸ್ಸಾರು ಆರೋಗುತ್ತೆ. ಊಟ ಮಾಡಿ." ಮಗುವನ್ನು ಎತ್ತಿಕೊಂಡು ಹೋದಳು.

ರಾಮಕ್ಕ ಊಟ ಮಾಡಿದಳು. ತಟ್ಟೆ ತೊಳೆದಳು. ದಿಂಬಿನ ಕೆಳಗಿನಿಂದ ಫೋನು ತೆಗೆದುಕೊಂಡು ಬಾಗಿಲ ಬೆಳಕಿಗೆ ಬಂದು ಕೂತಳು.

ಬೇಡ ಎಂದು ಕಾಲ್ ಕೊಟ್ಟವರ ನಂಬರುಗಳು ಸಾಲಾಗಿ ನಿಂತಿದ್ದವು. ಮೊದಲನೆಯದನ್ನು ಅಳಿಸಲು ಒತ್ತಿದಳು. ಫೋನು ಇಂಗ್ಲಿಷಿನಲ್ಲಿ ಏನೋ ಕೇಳಿತು. ನಿಜವಾಗಿಯೂ ತೆಗೆಯಲಾ ಎಂದು ಕೇಳುತ್ತದೆ, ಎಡಗಡೆ ಗುಂಡಿ ಒತ್ತಬೇಕು ಎಂದು ಅವನು ಹೇಳಿದ್ದ. ಹೆಬ್ಬೆರಳು ಗುಂಡಿಯ ಮೇಲೇ ನಿಂತಿತು. ಸುಮ್ಮನೆ ಹೋಗು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಮನೆಗೆ ಬಂದವರು ಯಾರೇ ಆಗಲಿ, ಹೋಗಿ ಎಂದು ಕಳಿಸುವುದುಂಟೇ.

"ಹೋಗಿ ಬನ್ನಿ" ಎಂದಳು. ಒತ್ತಿದಳು.

ಮುಂದಿನದು ನಾಯಿಯ ಮನೆ. ಆ ನಾಯಿ ಅವನ ಪ್ಯಾಂಟು ಹರಿದು, ಆಮೇಲೆ ಬಿಸ್ಕತ್ತಿಗೆ ಬಿದ್ದು, ವಾಲ್‌ವರೆಗೂ ಅವನ ಹಿಂದೆ ಬರಲು ಶುರುಮಾಡಿತ್ತು. ಹೋಗಿ ಬನ್ನಿ. ಅದರ ಮುಂದಿನದು ಗಂಡ ಹೆಂಡತಿ ಮಾತು ಬಿಟ್ಟ ಮನೆ. ಆ ಇಬ್ಬರೂ ಬೇರೆ ಬೇರೆಯಾಗಿ ನಂಬರು ಕೊಟ್ಟಿದ್ದರು, ಇವನು ಇಬ್ಬರಿಗೂ ರಿಂಗ್ ಕೊಡುತ್ತಿದ್ದ, ಯಾರು ಮೊದಲು ಏಳುತ್ತಾರೋ ಏಳಲಿ ಎಂದು. ಹೋಗಿ ಬನ್ನಿ, ಇಬ್ಬರೂ. ಸೀಮಂತದ ಮನೆಯೂ ಅದರಲ್ಲಿತ್ತು. ಆ ಹುಡುಗಿಗೆ ಗಂಡು ಮಗುವಾಗಿ ಅದು ಈಗ ಬೋರಲು ಬೀಳುತ್ತಿತ್ತು. ಒಂದೊಂದು ನಂಬರಿಗೂ ಅವನು ಹೇಳಿದ ಏನಾದರೊಂದು ಮಾತು ನೆನಪಾಯಿತು. ಕೆಲವಕ್ಕೆ ಏನೂ ನೆನಪಾಗಲಿಲ್ಲ. ಅವಕ್ಕೂ ಹೋಗಿ ಬನ್ನಿ ಎಂದಳು. ಎಲ್ಲ ಮುಗಿಯುವ ಹೊತ್ತಿಗೆ ಬಾಗಿಲ ಬಿಸಿಲು ಎದುರು ಮನೆಯ ಗೋಡೆ ಹತ್ತಿತ್ತು.

ಎದ್ದು ಬೀದಿಗೆ ಹೋದಳು. ಸೊಪ್ಪಿನ ಗಾಡಿಯ ಸುತ್ತ ಹೆಂಗಸರು ನಿಂತಿದ್ದರು. ಇವಳನ್ನು ಕಂಡು ಎಲ್ಲರಿಗೂ ದಂಟಿನ ಸೊಪ್ಪಿನ ಮೇಲೆ ಬಹಳ ಆಸ್ಥೆ ಬಂತು.

"ಬೇಡ ಅಂದೋರ್ದೆಲ್ಲ ತೆಗೆದಿದೀನಿ" ಎಂದಳು ರಾಮಕ್ಕ. "ಇನ್ಮೇಲೆ ಮುಖ ತಿರುಗಿಸ್ಕೊಂಡು ಓಡಾಡಬೇಡಿ. ಕತ್ತು ಉಳುಕುತ್ತೆ."

ಒಬ್ಬಳು ತನ್ನ ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ರಾಮಕ್ಕನ ಕೈಗೆ ತುರುಕಿದಳು. ಇನ್ನೊಬ್ಬಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನಮ್ಮನೇಲಿ ಸಂಪಿಲ್ಲ ಅಕ್ಕಾ. ನಂಗೆ ರಿಂಗ್ ಬೇಕು. ಫೋನಲ್ಲಿ ಅಣ್ಣನ ಹೆಸರು ತೆಗೆದು ನಿಮ್ಮ ಹೆಸರು ಹಾಕ್ಕೊಳ್ಲಾ? ನಿಮಗೆ ಬೇಜಾರಿಲ್ಲ ಅಂದ್ರೆ?"

ಬೇಜಾರು ಇತ್ತು.

"ಹಾಕ್ಕೋ" ಎಂದಳು ರಾಮಕ್ಕ.

ಮನೆಗೆ ಬಂದು ದೀಪ ಹಚ್ಚುವ ಹೊತ್ತಿಗೆ ಅಕ್ಕಯ್ಯಮ್ಮ ಕೋಲೂರಿಕೊಂಡು ಬಂದಳು. ಬಂದವಳು ಹೊಸ್ತಿಲ ಮೇಲೇ ಕೂತಳು.

"ನಂದೂ ತೆಗೆದ್ಯೇನವ್ವಾ?"

"ತೆಗೆದೆ ದೊಡ್ಡವ್ವಾ. ನಿಮ್ಮನೆಯಿಂದ ಮೂರು ಸಲ ಕಾಲ್ ಬಂದಿತ್ತು."

"ಹೂಂ ಕಣವ್ವಾ. ನನ್ನ ಮಗ ಅಷ್ಟೊತ್ತಲ್ಲಿ ಅವನ ಹೆಸರು ಗಟ್ಟಿಯಾಗಿ ಓದಿಬುಡ್ತಾನೆ. ನಂಗೆ ಕೈಕಾಲು ಬರಕ್ಕಿಲ್ಲ. ನಿನ್ನ ಗಂಡನ ಕಂಡು ಹೆದರ್ಕೊಂಡೆ ಅಂತ ತಿಳ್ಕೋಬ್ಯಾಡ. ಅವ್ನು ನನ್ನ ಕಣ್ಮುಂದೆ ಬೆಳೆದ ಕೂಸು." ಕೋಲಿನ ತುದಿಯಿಂದ ನೆಲ ಗೀಚಿದಳು. "ಅಲ್ಲಾ, ತೆಗೆದ್ಮ್ಯಾಕೆ ನಂಗೆ ನೀರು ಬಂದದ್ದು ಹೆಂಗೆ ತಿಳೀತದೆ?"

"ನಿಮಗೆ ಬೇಕಾ, ಬೇಡ್ವಾ?"

"ನೀರು ಬೇಕು. ಫೋನು ಬ್ಯಾಡ."

ರಾಮಕ್ಕ ಸೊಂಟದ ಮೇಲೆ ಕೈಯಿಟ್ಟು ಮುದುಕಿಯನ್ನು ನೋಡಿದಳು. ಎರಡೂ ಮನೆಗೆ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ.

"ಗೋಡೆ ಕುಟ್ತೀನಿ. ಆಗುತ್ತಾ?"

"ಮೆಲ್ಲಕೆ ಕುಟ್ಟು. ಸೊಸೆ ಎದ್ರೆ ರಂಪ ಮಾಡ್ತಾಳೆ."

"ಬೇಡ ಅನ್ನಿಸಿದ ದಿನ?"

"ನಾನೂ ನಮ್ಮ ಕಡೆಯಿಂದ ಕುಟ್ತೀನಿ ತಗಾ" ಎಂದು ಅಕ್ಕಯ್ಯಮ್ಮ ಎದ್ದಳು. ಆ ದಿನ ಇನ್ನೂ ಬಂದಿಲ್ಲ.

ಈಗ ಫೋನಿನಲ್ಲಿ ಉಳಿದಿರುವ ಮನೆಗಳು ಬೆರಳೆಣಿಕೆಯವು. ಆಗಾಗ ಹೊಸ ಬಾಡಿಗೆಯವರು ಬಂದು ಸೇರಿಕೊಳ್ಳುತ್ತಾರೆ. ಮನೆ ಬಿಟ್ಟು ಹೋಗುವವರು ಒಂದು ಮಿಸ್ಡ್ ಕಾಲ್ ಕೊಟ್ಟು ಹೋಗುತ್ತಾರೆ. ಅವಳು ಯಾಕೆ ಎಂದು ಕೇಳುವುದಿಲ್ಲ. ಕೆಲವು ದಿನ ಸಂಕಟವಾಗುತ್ತದೆ, ಆದರೂ ಅಂದೇ ತೆಗೆಯುತ್ತಾಳೆ. ಮರೆಪ್ಪ ದಾರಿಯಲ್ಲಿ ಸಿಕ್ಕರೆ, "ಏನ್ರಿ ಯಕ್ಕಾ, ಕೋಳಿ ಕೆಲ್ಸ ನೀವ ಹಿಡದ್ರೆಲ್ಲ" ಎಂದು ಛೇಡಿಸುತ್ತಾನೆ. "ನಿನ್ನ ಬಾಯಿಗೆ ಮೊದಲು ವಾಲ್ ಹಾಕು" ಎಂದು ಇವಳು ಬೈಯುತ್ತಾಳೆ.

ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಅವಳು ನಲ್ಲಿ ತಿರುಗಿಸಿ ಅಂಗೈ ಒಡ್ಡುತ್ತಾಳೆ. ನೀರಿಲ್ಲದ ದಿನವೂ ಒಡ್ಡುತ್ತಾಳೆ. ಏನೂ ಇಲ್ಲದಿದ್ದರೆ ನಲ್ಲಿ ನಿಲ್ಲಿಸಿ ಅಂಗಳ ಗುಡಿಸಲು ಹೋಗುತ್ತಾಳೆ. ನೀರಿನ ದಿನ ಮೊದಲು ತಣ್ಣನೆಯ ಗಾಳಿ ಅಂಗೈಗೆ ತಾಗುತ್ತದೆ. ಆಗ ಗೋಡೆಯನ್ನು ಮೆಲ್ಲಗೆ ಕುಟ್ಟುತ್ತಾಳೆ. ಆ ಕಡೆ ಕೆಮ್ಮು ಕೇಳಿದ ಮೇಲೆ ಕುಕ್ಕರಗಾಲಲ್ಲಿ ಕೂತು ಬೇಕೆಂದ ಮನೆಗಳಿಗೆ ರಿಂಗ್ ಕೊಡುತ್ತಾಳೆ. ಆಮೇಲೆ ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಕೆಳಗೆ ಕೊಡ ಇಡುತ್ತಾಳೆ.